ಬಿಸಿ ಲ್ಯಾಪ್‌ಟಾಪು, ತಣ್ಣಗಿನ ಗಿರಾಕಿಗಳು

ಲ್ಯಾಪ್‌ಟಾಪ್ ಬಿಸಿಯಾಗುವುದಕ್ಕೆ ಕಾರಣಗಳು ನಾಲ್ಕೋ ಐದೋ ಇರಬಹುದು. ಆದರೆ ಅದನ್ನು ಹೊತ್ತು ತರುವವರ ಕಥೆಗಳಿಗೆ ಮಾತ್ರ ಕೊನೆಯೇ ಇಲ್ಲ. ಒಬ್ಬರನ್ನು ಕಳಿಸಿ ನಕ್ಕು ಮುಗಿಸುವುದರೊಳಗೆ ಇನ್ನೊಬ್ಬರು ಮೆಟ್ಟಿಲು ಹತ್ತಿರುತ್ತಾರೆ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ. ಎದುರಿನ ಕೌಂಟರಿನಲ್ಲಿ ನಮ್ಮ ಯಜಮಾನರು ಜೆರಾಕ್ಸ್, ರೀಚಾರ್ಜ್ ನೋಡಿಕೊಳ್ಳುತ್ತಾರೆ. ಪರದೆಯ ಹಿಂದೆ ಸ್ಕ್ರೂಡ್ರೈವರ್ ಹಿಡಿದು ಕೂರುವವಳು ನಾನು. ಬಂದವರು ರೋಗದ ವಿವರವನ್ನೆಲ್ಲ ಯಜಮಾನರಿಗೆ ಹೇಳುತ್ತಾರೆ. ಅವರು ಗಂಭೀರವಾಗಿ ಕೇಳಿ, ತಲೆಯಾಡಿಸಿ, "ವೈರಸ್ ಇರ್ಬೇಕು" ಅನ್ನುತ್ತಾರೆ. ಆಮೇಲೆ ಪರದೆ ಸರಿಸಿ ಅದನ್ನು ನನ್ನ ಕೈಗೆ ಕೊಟ್ಟು, "ಎಂತ ಆಗಿದೆ ನೋಡು ಮಾರಾಯ್ತಿ, ನಂಗೆ ಒಂದೂ ಅರ್ಥ ಆಗ್ಲಿಲ್ಲ" ಅನ್ನುತ್ತಾರೆ.

ಈಗೀಗ ಬರುವುದು ಹೆಚ್ಚಾಗಿ ಗೇಮ್ ಆಡುವ ಲ್ಯಾಪ್‌ಟಾಪುಗಳೇ. ಅವುಗಳ ಹೊಟ್ಟೆಯೊಳಗೆ ಎರಡು ಫ್ಯಾನು ಇರುತ್ತವೆ. ಕೆಳಗಿನಿಂದ ಗಾಳಿ ಎಳೆದುಕೊಂಡು ಪಕ್ಕದಿಂದ ಬಿಸಿಯನ್ನು ಹೊರಗೆ ದಬ್ಬುವುದು ಅವುಗಳ ಕೆಲಸ. ಆ ದಾರಿ ಕಟ್ಟಿತೋ, ಮೂಟೆ ಹೊತ್ತವನು ಉಸಿರು ಸಾಲದೆ ನಡಿಗೆ ನಿಧಾನ ಮಾಡಿದ ಹಾಗೆ ಲ್ಯಾಪ್‌ಟಾಪೂ ನಿಧಾನ ಮಾಡುತ್ತದೆ. ವಿಷಯ ಇಷ್ಟೇ. ಇಷ್ಟನ್ನು ಅರ್ಥ ಮಾಡಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆಯುತ್ತಿದೆ.

ಕೊತ್ತಂಬರಿ ಸೊಪ್ಪು

ಶೃಂಗೇರಿಯಲ್ಲಿ ಹೋಟೆಲ್ ಇಟ್ಟಿರುವ ಒಬ್ಬರು ಬಂದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆ ಕಾಫಿಗೆ ಜನ ಬರುವವರೆಗೆ ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕಾರ್ ರೇಸ್ ಆಡುತ್ತಾರಂತೆ.

"ಶುರುವಲ್ಲಿ ಚೆನ್ನಾಗೇ ಓಡ್ತದೆ ಮೇಡಂ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಕಾದ ಕಾವಲಿ ಆಗ್ತದೆ, ಕಾರು ಎತ್ತಿನಗಾಡಿ ಆಗ್ತದೆ."

ನಾನು ಮುಟ್ಟಿ ನೋಡಿದೆ. ಕಾವಲಿ ಎಲ್ಲಿ ಬಂತು, ಅದು ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಅವರು ಅದನ್ನು ಸುತ್ತಿ ತಂದಿದ್ದ ಟವೆಲ್ಲೂ ಒದ್ದೆ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಸಣ್ಣ ಸಣ್ಣ ನೀರ ಹನಿ. ಒಂದು ಫ್ಯಾನಿನ ರೆಕ್ಕೆಗೆ ಕೊತ್ತಂಬರಿ ಸೊಪ್ಪಿನ ಎಲೆಯೊಂದು ಅಂಟಿಕೊಂಡಿತ್ತು.

"ಸರ್, ಇದನ್ನ ಎಲ್ಲಿಟ್ಟಿದ್ರಿ?"

"ಆಡಿ ಆದ್ಮೇಲೆ ತಣ್ಣಗಾಗ್ಲಿ ಅಂತ ಫ್ರಿಜ್ಜಲ್ಲಿ ಇಡ್ತೀನಿ. ಇವತ್ತು ಅಲ್ಲಿಂದ್ಲೇ ತಂದೆ."

ಬಿಸಿ ಯಂತ್ರವನ್ನು ಥಟ್ಟನೆ ತಂಪು ಮಾಡಿದರೆ ಒಳಗೆ ನೀರು ಕೂರುತ್ತದೆ, ಹಾಗೇ ಆನ್ ಮಾಡಿದರೆ ಸುಟ್ಟೇ ಹೋಗಬಹುದು ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವರಿಗೆ ಬೇಸರವಾಯಿತು.

"ಛೆ ಛೆ, ನಂಗೆ ಅಷ್ಟೂ ಗೊತ್ತಾಗಲ್ವಾ ಮೇಡಂ? ಮೇಲೆ ಐಸ್ ಹತ್ರ ಯಾವತ್ತೂ ಇಟ್ಟೇ ಇಲ್ಲ. ಕೆಳಗೆ ತರಕಾರಿ ಟ್ರೇಯಲ್ಲಿ ಮಾತ್ರ ಇಡೋದು!"

ನಾಲ್ಕು ನಿಂಬೆಹಣ್ಣು

ಬಾಳೆಹೊನ್ನೂರಿನಲ್ಲಿ ಫೋಟೋ ಸ್ಟುಡಿಯೋ ಇರುವ ಒಬ್ಬರಿದ್ದಾರೆ. ಮದುವೆ ವಿಡಿಯೋ ಕತ್ತರಿಸಿ ಜೋಡಿಸುವುದಕ್ಕೆ ಬಲವಾದ ಯಂತ್ರ ಬೇಕು ಅಂತ ಗೇಮಿಂಗ್ ಲ್ಯಾಪ್‌ಟಾಪನ್ನೇ ಕೊಂಡವರು. ಆಯುಧಪೂಜೆ ಮುಗಿದ ವಾರ ಅದನ್ನು ಹಿಡಿದುಕೊಂಡು ಬಂದರು. ವಧು ತಲೆಯೆತ್ತಿ ನೋಡುವಷ್ಟರಲ್ಲಿ ವಿಡಿಯೋ ನಿಂತುಬಿಡುತ್ತದೆ, ಹೆಣ್ಣಿನ ಮನೆಯವರು ದಿನಾ ಫೋನ್ ಮಾಡುತ್ತಿದ್ದಾರೆ ಎಂದು ಗೋಳಾಡಿದರು.

"ವೈರಸ್ಸೇ" ಅಂದರು ನಮ್ಮ ಯಜಮಾನರು.

ಬಿಚ್ಚಿ ನೋಡಿ ಯಜಮಾನರನ್ನು ಒಳಗೆ ಕರೆದೆ. "ಬನ್ನಿ, ವೈರಸ್ ಯಾವ ಬಣ್ಣ ಇದೆ ನೋಡಿ."

ಫ್ಯಾನು ಪೂರ್ತಿ ಕೆಂಪು. ಕುಂಕುಮ, ಅರಿಶಿನ, ನಡುವೆ ನಾಲ್ಕೈದು ಅಕ್ಷತೆ ಕಾಳು, ಒಂದು ಚೆಂಡುಹೂವಿನ ಎಸಳು. ಬ್ರಷ್ ಹಿಡಿದು ಎಲ್ಲ ತೆಗೆದು, ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚಿರುವ ಪೇಸ್ಟ್ ಒಣಗಿ ಹೋಗಿದ್ದರಿಂದ ಅದನ್ನೂ ಬದಲಾಯಿಸಿ ಕೊಟ್ಟೆ. ಅವರಿಗೆ ಖುಷಿಯಾಯಿತು. ಆದರೆ ಒಂದು ಸಂಶಯ ಉಳಿದಿತ್ತು.

"ಅಲ್ಲ ಮೇಡಂ, ಪೂಜೆ ದಿನ ಮಾತ್ರ ಇದು ಕುದುರೆ ಹಾಗೆ ಓಡ್ತಲ್ಲ, ಅದು ಹೆಂಗೆ? ಅವತ್ತು ಗಾಡಿ ಚಕ್ರಕ್ಕೆ ಇಟ್ಟ ಹಾಗೇ ಇದರ ನಾಲ್ಕು ಮೂಲೆಗೂ ಒಂದೊಂದು ನಿಂಬೆಹಣ್ಣು ಇಟ್ಟಿದ್ದೆ. ಹಣ್ಣು ತೆಗೆದ ಮರುದಿನವೇ ಮಕಾಡೆ ಮಲಗ್ತು."

ನನಗೆ ನಗು ತಡೆಯಲಾಗಲಿಲ್ಲ. ನಿಂಬೆಹಣ್ಣಿನಿಂದ ಲ್ಯಾಪ್‌ಟಾಪ್ ಎತ್ತರವಾಗಿ ಕೆಳಗೆ ಗಾಳಿ ಆಡಿದೆ, ಅಷ್ಟೇ. ಹಣ್ಣಿನ ಬದಲು ಎರಡು ಮರದ ತುಂಡು ಇಟ್ಟರೂ ಆದೀತು ಎಂದು ವಿವರಿಸಿದೆ. ಅವರು ಭಕ್ತಿಯಿಂದ ಕೇಳಿಸಿಕೊಂಡು ಹೋದರು.

ಮುಂದೊಂದು ದಿನ ಬಾಳೆಹೊನ್ನೂರಿಗೆ ಹೋದಾಗ ಸ್ಟುಡಿಯೋಕ್ಕೆ ಇಣುಕಿದೆ. ಲ್ಯಾಪ್‌ಟಾಪ್ ನಾಲ್ಕು ದಪ್ಪ ನಿಂಬೆಹಣ್ಣಿನ ಮೇಲೆ ರಾಜನ ಹಾಗೆ ಕೂತಿತ್ತು.

"ಮರದ ತುಂಡು ಇಡಿ ಅಂದಿದ್ನಲ್ಲ ಸರ್?"

"ಮರದ ತುಂಡಿಂದ ಎಂತ ಲಾಭ ಮೇಡಂ? ಇದಾದ್ರೆ ಹಣ್ಣು ಬದಲಾಯಿಸಿದಾಗೆಲ್ಲ ಹಳೇದನ್ನ ಉಪ್ಪಿನಕಾಯಿಗೆ ಕೊಡ್ತೀನಿ. ಬಿಸಿ ತಾಗಿ ತಾಗಿ ಅರ್ಧ ಹದ ಬಂದಿರ್ತದೆ ಅಂತ ಮನೆಯವಳಿಗೂ ಸಂತೋಷ."

ಗಟ್ಟಿ ಜಾಗ

ಇದು ಫೋನಿನಲ್ಲಿ ಆದದ್ದು. ಮೆಣಸೆಯಿಂದ ಒಬ್ಬರು ಕರೆ ಮಾಡಿ, ಗೇಮ್ ಆಡುವಾಗ ಲ್ಯಾಪ್‌ಟಾಪ್ ಸುಡುತ್ತದೆ ಅಂದರು.

"ಎಲ್ಲಿಟ್ಟು ಆಡ್ತೀರಿ?"

"ಹಾಸಿಗೆ ಮೇಲೆ."

"ಅದೇ ತಪ್ಪು. ಮೆತ್ತನೆ ಜಾಗದಲ್ಲಿಟ್ರೆ ಗಾಳಿ ಹೋಗೋ ತೂತು ಮುಚ್ಚಿಹೋಗ್ತದೆ. ಗಟ್ಟಿ ಜಾಗದಲ್ಲಿಡಿ."

ಮರುದಿನ ಮತ್ತೆ ಕರೆ. "ಮೇಡಂ, ಗಟ್ಟಿ ಜಾಗದಲ್ಲೇ ಇಟ್ಟೆ. ನಿನ್ನೆಗಿಂತ ಜಾಸ್ತಿ ಸುಡ್ತಿದೆ."

"ಮೇಜಿನ ಮೇಲಾ, ನೆಲದ ಮೇಲಾ?"

"ಹಾಸಿಗೆ ಮೇಲೇ. ಹತ್ತಿ ಹಾಸಿಗೆ ತೆಗೆದು ನಾರಿನ ಹಾಸಿಗೆ ಹಾಕ್ದೆ. ಕಲ್ಲಿದ್ದಂಗಿದೆ!"

ಬೇಕಾದಷ್ಟು ಹಾಳು

ಕಿಗ್ಗದ ಕಡೆಯ ಒಬ್ಬ ಮೇಷ್ಟ್ರು, ಇನ್ನೂ ಚಿಕ್ಕ ಪ್ರಾಯ. ಸಂಜೆ ಶಾಲೆಯಿಂದ ಬಂದರೆ ಗೇಮ್ ಆಡುತ್ತಾ ಕೂರುವ ಅಭ್ಯಾಸ. ಮಳೆಗಾಲದಲ್ಲೊಂದು ದಿನ ಲ್ಯಾಪ್‌ಟಾಪ್ ತಂದುಕೊಟ್ಟರು. ಧೂಳು ತೆಗೆಯುವವರೆಗೆ ಬೆಂಚಿನಲ್ಲಿ ಕೂತು ಅಮ್ಮನನ್ನು ಹೊಗಳಿದ್ದೇ ಹೊಗಳಿದ್ದು.

"ಬೇರೆ ಮನೇಲಿ ಗೇಮ್ ಆಡಿದ್ರೆ ಬಯ್ತಾರೆ ಮೇಡಂ. ನಮ್ಮಮ್ಮ ಹಂಗಲ್ಲ. ಸಾಕು ಅಂತ ನಾನು ಎದ್ರೂ 'ಇನ್ನೊಂದಾಟ ಆಡು ಮಗಾ' ಅಂತ ಕೂರಿಸ್ತಾರೆ. ಪಕ್ಕದಲ್ಲೇ ಬಂದು ಕೂತು ನೋಡ್ತಾರೆ ಬೇರೆ."

ಅಂಥ ತಾಯಿ ಸಿಗುವುದು ಪುಣ್ಯ ಎಂದು ನಾನೂ ಒಪ್ಪಿದೆ. ಕೆಲಸ ಚೆನ್ನಾಗಿ ಆಯಿತು. ಲ್ಯಾಪ್‌ಟಾಪ್ ಎಷ್ಟು ಆಡಿದರೂ ತಣ್ಣಗೆ, ಚುರುಕಾಗಿ ಓಡತೊಡಗಿತು.

ಸ್ವಲ್ಪ ದಿನದಲ್ಲಿ ವಯಸ್ಸಾದ ಒಬ್ಬರು ಅಮ್ಮ ಬಸ್ಸಿಳಿದು ಬಂದರು. ಕಂಕುಳಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಅದೇ ಲ್ಯಾಪ್‌ಟಾಪ್. ಮಗ ಶಾಲೆಗೆ ಹೋದ ಹೊತ್ತು ನೋಡಿ ಹೊರಟಿದ್ದರು. ಯಜಮಾನರ ಕಡೆ ತಿರುಗಿಯೂ ನೋಡದೆ ಸೀದಾ ಪರದೆಯೊಳಗೆ ಬಂದರು.

"ಕೂಸೇ, ಎಂತ ಮಾಡಿದೆ ಇದಕ್ಕೆ? ಒಂಚೂರೂ ಬಿಸಿ ಬತ್ತಾ ಇಲ್ಲೆ."

"ಬಿಸಿ ಆಗ್ಬಾರ್ದು ಅಂತ್ಲೇ ಅಲ್ವಾ ಅಮ್ಮ ರಿಪೇರಿ ಮಾಡಿದ್ದು?"

"ಹಂಗಾದ್ರೆ ನನ್ನ ಹಿಟ್ಟಿನ ಗತಿ ಎಂತ?"

ಆಮೇಲೆ ಕಥೆ ಹೊರಬಿತ್ತು. ಕಿಗ್ಗದ ಮಳೆಗಾಲದ ಥಂಡಿಗೆ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಇಟ್ಟಷ್ಟೇ ಇರುತ್ತದೆ, ಉಬ್ಬುವುದೇ ಇಲ್ಲ. ಮಗ ಆಡುವಾಗ ಲ್ಯಾಪ್‌ಟಾಪಿನ ಪಕ್ಕದಿಂದ ಬಿಸಿ ಗಾಳಿ ಬರುವುದನ್ನು ಈ ಅಮ್ಮ ಕಂಡಿದ್ದಾರೆ. ಅಂದಿನಿಂದ ಹಿಟ್ಟಿನ ಪಾತ್ರೆ ತಂದು ಅಲ್ಲೇ ಇಡುವುದು, ಕಾವಲಿಗೆ ತಾವು ಕೂರುವುದು. ಮಗ ಆಡಿದಷ್ಟೂ ಹಿಟ್ಟು ಉಬ್ಬುತ್ತಿತ್ತು. ಅಮ್ಮನ ಪ್ರೋತ್ಸಾಹದ ಗುಟ್ಟು ಅದು.

ಬಚ್ಚಲೊಲೆಯ ಹತ್ತಿರ ಇಟ್ಟರೂ ಉಬ್ಬೀತು ಎಂದು ಹೇಳಿ ನೋಡಿದೆ. ಅಲ್ಲಿ ಹೊಗೆ ವಾಸನೆ ಹಿಡಿಯುತ್ತದಂತೆ, ಈ ಗಾಳಿಗೆ ವಾಸನೆ ಇಲ್ಲವಂತೆ. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಹತ್ತಿರ ಬಗ್ಗಿ ಸಮಾಧಾನದ ದನಿಯಲ್ಲಿ ಅಂದರು:

"ಪೂರ್ತಿ ಹಾಳು ಮಾಡು ಅಂತ ನಾ ಹೇಳ್ತಿಲ್ಲ ಕೂಸೇ. ಮಾಣಿಗೆ ಆಡಲೂ ಬೇಕಲ್ಲ. ಇಡ್ಲಿಗೆ ಬೇಕಾದಷ್ಟು ಹಾಳು ಮಾಡಿಕೊಟ್ರೆ ಸಾಕು."

ರೈಟ್!

ನರಸಿಂಹರಾಜಪುರದ ಒಬ್ಬಳು ಕಾಲೇಜು ಹುಡುಗಿ. ವಿಮಾನದಿಂದ ಪ್ಯಾರಾಚೂಟಿನಲ್ಲಿ ಹಾರಿ, ಬಂದೂಕು ಹುಡುಕಿಕೊಂಡು, ಕೊನೆಯವರೆಗೆ ಉಳಿದ ತಂಡ ಗೆಲ್ಲುವ ಆಟವೊಂದಿದೆಯಲ್ಲ, ಅದರಲ್ಲಿ ಗಟ್ಟಿಗಿತ್ತಿ. ಅವಳ ತಂಡದ ಉಳಿದ ಮೂವರು ಹಾಸನ, ದಾವಣಗೆರೆ ಕಡೆಯ ಹುಡುಗರು. ಒಬ್ಬರನ್ನೊಬ್ಬರು ಕಂಡವರಲ್ಲ, ಹೆಡ್‌ಫೋನಿನಲ್ಲೇ ಮಾತು, ಹೆಡ್‌ಫೋನಿನಲ್ಲೇ ಸ್ನೇಹ. ತಂಡ ಒಂದು ದೊಡ್ಡ ಪಂದ್ಯದ ಫೈನಲ್ಲಿಗೆ ಬಂದಿತ್ತು.

ಫೈನಲ್ ದಿನ ಬೆಳಿಗ್ಗೆ ಅವಳ ಲ್ಯಾಪ್‌ಟಾಪ್ ಕೈಕೊಟ್ಟಿತು. ಅಪ್ಪನ ಜೊತೆ ಓಡೋಡಿ ನಮ್ಮ ಅಂಗಡಿಗೆ ಬಂದಳು. ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರು, ಅವತ್ತು ರಜೆ ಹಾಕಿದ್ದರು. ಮಗಳ ಆಟ ಕಂಡರೆ ಅವರಿಗೆ ಅಷ್ಟಕ್ಕಷ್ಟೆ.

"ಇವತ್ತು ಸೋತ್ರೆ ಆಟ ಬಿಟ್ಟು ಓದ್ತೀನಿ ಅಂದಿದಾಳೆ. ಹಂಗಾಗಿ ಬಂದೆ ಮೇಡಂ" ಅಂದರು. ರಿಪೇರಿ ಆಗಲಿ ಅಂತಲೋ ಬೇಡ ಅಂತಲೋ ನನಗೆ ತಿಳಿಯಲಿಲ್ಲ. ಹುಡುಗಿಯ ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

ಬಿಚ್ಚಿದೆ. ಎರಡರಲ್ಲಿ ಒಂದು ಫ್ಯಾನು ಸತ್ತೇ ಹೋಗಿತ್ತು. ಹೊಸದು ಶಿವಮೊಗ್ಗದಿಂದ ಬರಬೇಕು, ಆ ದಿನ ಆಗುವ ಮಾತಲ್ಲ. ಇದ್ದ ಧೂಳು ತೆಗೆದು, ಹಿಂದಿನ ಮುಚ್ಚಳ ಹಾಕದೆ ಹಾಗೇ ಬಿಟ್ಟು, ಪುಸ್ತಕಗಳ ಮೇಲೆ ಎತ್ತರಿಸಿಟ್ಟು, ಹಿಂದಿನಿಂದ ಟೇಬಲ್ ಫ್ಯಾನ್ ಹಾಕಿದೆ. ಯಂತ್ರ ಚೇತರಿಸಿಕೊಂಡಿತು. "ಇಲ್ಲೇ ಕೂತು ಆಡಮ್ಮ" ಅಂದೆ. ಯಜಮಾನರು ಕೌಂಟರ್ ಖಾಲಿ ಮಾಡಿಕೊಟ್ಟು, ಜೆರಾಕ್ಸಿಗೆ ಬಂದವರನ್ನೆಲ್ಲ ಸಂಜೆ ಬನ್ನಿ ಎಂದು ಕಳಿಸಿದರು.

ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ನಮ್ಮ ಹಳೇ ಯುಪಿಎಸ್ಸು ಲ್ಯಾಪ್‌ಟಾಪನ್ನೂ ಇಂಟರ್ನೆಟ್ ಡಬ್ಬಿಯನ್ನೂ ಹೊರುತ್ತಿತ್ತೇ ಹೊರತು ಫ್ಯಾನು ಹಾಕಿದರೆ ಕಿರುಚುತ್ತಿತ್ತು. ಲ್ಯಾಪ್‌ಟಾಪಿನ ಪರದೆಯ ಚಿತ್ರ ತಡವರಿಸತೊಡಗಿತು. ಹುಡುಗಿ ಅಪ್ಪನ ಮುಖ ನೋಡಿದಳು.

ಕಂಡಕ್ಟರು ಅತ್ತಿತ್ತ ನೋಡಿ, ಜೆರಾಕ್ಸ್ ಪೇಪರಿನ ಬಾಕ್ಸೊಂದರ ರಟ್ಟು ಕಿತ್ತುಕೊಂಡು, ಲ್ಯಾಪ್‌ಟಾಪಿನ ಹಿಂದೆ ನಿಂತು ಬೀಸತೊಡಗಿದರು. ಎಂಥ ಬೀಸು ಅಂತೀರಿ! ಚಿತ್ರ ಮತ್ತೆ ಸರಾಗವಾಯಿತು.

ಬೀಸುವವರು ಕತ್ತು ಚಾಚಿ ಪರದೆ ನೋಡತೊಡಗಿದ್ದರಿಂದ ಕಥೆ ಬೇರೆಯಾಯಿತು. ವಿಮಾನದಿಂದ ಜನ ಹಾರುತ್ತಿದ್ದರು.

"ಇಳಿಯೋರು ಬೇಗ ಬೇಗ ಇಳೀರಿ!" ಅಂದರು ಇವರು, ತಮಗೇ ಗೊತ್ತಿಲ್ಲದೆ.

"ಅಪ್ಪಾ, ಮೈಕ್ ಆನ್ ಇದೆ!" ಎಂದು ಮಗಳು ಪಿಸುಗುಟ್ಟಿದಳು. ಇವರು ತುಟಿ ಕಚ್ಚಿಕೊಂಡು ಬೀಸಿದರು. ಆಮೇಲೆ ಒಂದು ಬಾಗಿಲಲ್ಲಿ ಇವಳ ತಂಡದ ಮೂವರೂ ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡದ್ದು ನೋಡಿ ತಡೆಯಲಾಗಲಿಲ್ಲ. "ಬಾಗ್ಲಲ್ಲಿ ನಿಲ್ಬೇಡಿ, ಒಳಗೆ ಹೋಗಿ, ಒಳಗೆ ಜಾಗ ಇದೆ!" ಹುಡುಗರು ಒಳಗೆ ಹೋದರು. ಅದೇ ಕ್ಷಣ ಬಾಗಿಲಿಗೆ ಗುಂಡು ಬಿತ್ತು. ಹುಡುಗಿ ಮತ್ತೆ ಅಪ್ಪನಿಗೆ ಸುಮ್ಮನಿರು ಅನ್ನಲಿಲ್ಲ.

ಕೊನೆಗೆ ಉಳಿದದ್ದು ಎರಡೇ ತಂಡ. ಇವಳ ತಂಡ ಒಂದು ಗೋಡೆಯ ಹಿಂದೆ ಅವಿತು ಕೂತಿತ್ತು. ಎದುರಾಳಿಗಳು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಯಜಮಾನರು ದೇವರ ಫೋಟೋ ಕಡೆ ನೋಡುತ್ತಿದ್ದರು. ಕಂಡಕ್ಟರ ಅಂಗಿ ಬೆವರಿನಲ್ಲಿ ತೊಯ್ದಿತ್ತು, ರಟ್ಟು ಮಾತ್ರ ನಿಂತಿರಲಿಲ್ಲ. ಆದರೆ ಏನೇ ಆಗಲಿ, ನಿಂತಲ್ಲೇ ನಿಂತಿರುವುದು ಆ ಜೀವಕ್ಕೆ ಆಗಿಬರುವುದಿಲ್ಲ. ಕಡೆಗೂ ರಟ್ಟಿನಿಂದ ಕೌಂಟರಿಗೆ ಪಟಪಟ ಬಡಿದು ಕೂಗಿಯೇಬಿಟ್ಟರು:

"ಎಷ್ಟೊತ್ತು ನಿಲ್ಸೋದು ಮಾರಾಯ್ರೆ? ರೈಟ್! ರೈಟ್ ರೈಟ್!"

ಬಸ್ಸಿನವರ ಬಾಯಲ್ಲಿ ಅದಕ್ಕೆ 'ಹೊರಡು' ಅಂತ ಅರ್ಥ. ಅಲ್ಲಿ ಹಾಸನ, ದಾವಣಗೆರೆಯಲ್ಲಿ ಹೆಡ್‌ಫೋನ್ ಹಾಕಿ ಕೂತಿದ್ದ ಹುಡುಗರಿಗೆ 'ಬಲಗಡೆ' ಅಂತ ಕೇಳಿಸಿತು. ಮೂವರೂ ಒಟ್ಟಿಗೆ ಬಲಕ್ಕೆ ತಿರುಗಿ ಗುಂಡು ಹಾರಿಸಿದರು. ಎದುರಾಳಿ ತಂಡವಿಡೀ ಅಲ್ಲೇ, ಬಲಗಡೆಯ ಹುಲ್ಲಿನಲ್ಲಿ ಮಲಗಿ ತೆವಳಿಕೊಂಡು ಬರುತ್ತಿತ್ತು!

ಗೆದ್ದಿದ್ದರು. ಹುಡುಗಿ ಎದ್ದು ಅಪ್ಪನನ್ನು ತಬ್ಬಿಕೊಂಡಳು. ಕಂಡಕ್ಟರಿಗೆ ಏನಾಯಿತೆಂದೇ ಗೊತ್ತಿಲ್ಲ, ತಬ್ಬಿಕೊಂಡ ಮಗಳ ಬೆನ್ನ ಹಿಂದೆಯೂ ಬೀಸುತ್ತಲೇ ಇದ್ದರು. ಹೆಡ್‌ಫೋನಿನಲ್ಲಿ ಗಲಾಟೆಯೋ ಗಲಾಟೆ. ಹುಡುಗಿ ಅದನ್ನು ಕಿತ್ತು ಸ್ಪೀಕರ್ ಹಾಕಿದಳು. ತಂಡದ ನಾಯಕನ ದನಿ ಅಂಗಡಿ ತುಂಬಿತು.

"ಸರ್, ಅವರು ಬಲಗಡೆ ಇದಾರೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು? ಇಂಥ ಕೋಚ್ ಇದಾರೆ ಅಂತ ಇವಳು ನಮಗೆ ಒಂದು ಮಾತೂ ಹೇಳಿರ್ಲಿಲ್ಲ ಸರ್!"

ಅಪ್ಪ ಬೆವರು ಒರೆಸಿಕೊಂಡು ಲ್ಯಾಪ್‌ಟಾಪಿನ ಕಡೆ ಬಗ್ಗಿ, ಅತ್ಯಂತ ವಿನಯದಿಂದ ಹೇಳಿದರು:

"ಕೋಚ್ ಅಲ್ಲ ಮಾರಾಯ, ನಾನು ಕಂಡಕ್ಟರ್."