ಗಂಡನ ಹೆಸರು ಬಾಯಿಬಿಟ್ಟು ಹೇಳತಕ್ಕದ್ದು

ನಮ್ಮ ಕಲ್ಲುಬಾವಿ ತೆಂಗು ಬೆಳೆಗಾರರ ಸಹಕಾರ ಸಂಘದಲ್ಲಿ ಹೆಂಗಸರು ಸದಸ್ಯರಾಗಬಾರದು ಎಂಬ ನಿಯಮ ಯಾವತ್ತೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಸಂಘದ ಮೇಲೆ ತಪ್ಪು ಬರಬಾರದು.

ಇದ್ದ ನಿಯಮ ಇಷ್ಟೇ. ಹೆಸರಿನಲ್ಲಿ ಹತ್ತು ತೆಂಗಿನ ಮರ ಇರಬೇಕು. ಅರ್ಜಿ ಕೊಡಬೇಕು. ಅರ್ಜಿದಾರರು ಹೆಂಗಸಾದಲ್ಲಿ, ತಮ್ಮ ಗಂಡನ ಹೆಸರನ್ನು ಕಾರ್ಯದರ್ಶಿಯವರ ಸಮಕ್ಷಮ ಬಾಯಿಬಿಟ್ಟು ಹೇಳತಕ್ಕದ್ದು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ. ಇದು ಕಾರ್ಯದರ್ಶಿ ಮಲ್ಲಿಕಾರ್ಜುನಯ್ಯನವರಿಗೂ ಗೊತ್ತಿತ್ತು. ನಿಯಮ ಬರೆದವರು ಅವರೇ.

ಆ ಸಂಘಕ್ಕೆ ನಾನೂ ಒಬ್ಬ ಡೈರೆಕ್ಟರು. ಓದಿದ್ದು ಮೂರನೇ ಕ್ಲಾಸು. ಡೈರೆಕ್ಟರಿಗೆ ಬೇಕಾದ ವಿದ್ಯೆ ಅಂದರೆ ರುಜು. ಅದು ನನಗೆ ಬರುತ್ತಿತ್ತು.

೧೯೭೮ರಲ್ಲಿ ಹನ್ನೊಂದು ಹೆಂಗಸರು ಅರ್ಜಿ ಕೊಟ್ಟರು. ಮೊದಲನೆಯದು ನನ್ನ ಹೆಂಡತಿಯದು. ಅವಳಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟ ನಲವತ್ತು ಮರ ಅವಳ ಹೆಸರಿನಲ್ಲಿತ್ತು. ನನ್ನ ಹೆಸರಿನಲ್ಲಿ ಇದ್ದದ್ದು ಹನ್ನೆರಡು. ಅದರಲ್ಲಿ ಮೂರರ ಸುಳಿ ಕೊಳೆತು ಹೋಗಿತ್ತು.

"ಏನಮ್ಮ, ನಿನ್ನ ಗಂಡ ಯಾರು?" ಎಂದರು ಮಲ್ಲಿಕಾರ್ಜುನಯ್ಯ.

ಅವಳು ನನ್ನ ಕಡೆ ಕೈ ತೋರಿಸಿದಳು. ನಾನು ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

"ಕೈ ತೋರಿಸಿದ್ರೆ ಆಗಲ್ಲಮ್ಮ. ಹೆಸರು."

"ಇಲ್ಲೇ ಅವ್ರಲ್ಲ ಸ್ವಾಮಿ, ನಿಮ್ಮ ಬಗಲಲ್ಲೇ. ನೀವೇ ಕೇಳ್ಕಳಿ."

ಅವರು ನನ್ನನ್ನು ಕೇಳಲಿಲ್ಲ. ನಿಯಮದಲ್ಲಿ ಇರಲಿಲ್ಲ. ಷರಾ ಬರೆದರು: 'ಅರ್ಜಿದಾರಳಿಗೆ ತನ್ನ ಗಂಡ ಯಾರೆಂದು ತಿಳಿದಿರುವುದಿಲ್ಲ. ವಜಾ.' ಕೆಳಗೆ ಒಬ್ಬ ಡೈರೆಕ್ಟರ ರುಜು ಬೇಕಿತ್ತು. ಹಾಕಿದೆ. ಚೆನ್ನಾಗಿ ಬಂತು.

ಹನ್ನೊಂದೂ ಹಾಗೇ ವಜಾ ಆದವು. ಊರಿನ ಹನ್ನೊಂದು ಹೆಂಗಸರಿಗೆ ಗಂಡ ಯಾರೆಂದು ಗೊತ್ತಿಲ್ಲ ಎಂಬುದು ದಾಖಲೆಯಾಯಿತು. ಹನ್ನೊಂದು ಗಂಡಂದಿರಲ್ಲಿ ಒಬ್ಬರೂ ತಕರಾರು ಎತ್ತಲಿಲ್ಲ.

ಮನೆಯಲ್ಲಿ ಅವಳು ಮುದ್ದೆ ಇಕ್ಕುತ್ತ ಒಂದೇ ಮಾತು ಕೇಳಿದಳು. "ಅಟ್ಟದ ಮೇಲಿನ ಕಾಯಿ ಇಳಿಸಿ ಕರಟ ಒಡೆಯೋರು ನಾವು. ಸಭೇಲಿ ಕುಂತು ಅದರ ಮಾತಾಡೋರು ನೀವು. ನಾವೂ ಕುಂತ್ರೆ ಏನಾಯ್ತದೆ?"

"ಪರಿಶೀಲಿಸ್ತೀವಿ," ಎಂದೆ. ಸಂಘದಲ್ಲಿ ಕಲಿತ ಮಾತು.

ಸೋಮವಾರ ಹನ್ನೊಂದು ಜನವೂ ಸಂಘದ ಜಗಲಿಯ ಮೇಲೆ ಕೂತರು. ಕೈಯಲ್ಲಿ ಮಚ್ಚು ಇತ್ತು. ನಾವು ಬಾಗಿಲು ಹಾಕಿಕೊಂಡೆವು. ಆಮೇಲೆ ನೋಡಿದರೆ ಅದು ಕರಟ ಒಡೆಯುವ ಮಚ್ಚು. ಗಲಾಟೆ ಇಲ್ಲ, ಕೂಗಾಟ ಇಲ್ಲ. ಕರಟ ಒಡೆಯುವುದು, ಒಳಗಿನ ಕೊಬ್ಬರಿ ಗಿಟುಕನ್ನು ಮುಕ್ಕಾಗದ ಹಾಗೆ ತೆಗೆಯುವುದು, ಮಂಕರಿಗೆ ಹಾಕುವಾಗ ಗಂಡನ ಹೆಸರು ಹೇಳುವುದು. ಗಿಟುಕಿಗೆ ಒಂದು ಸಲ.

"ಗಿಡ್ಡಯ್ಯ," ಎಂದಳು ನನ್ನ ಹೆಂಡತಿ. ಇನ್ನೊಂದು ಒಡೆದಳು. "ಗಿಡ್ಡಯ್ಯ."

ಮದುವೆಯಾಗಿ ಇಪ್ಪತ್ತೇಳು ವರ್ಷವಾಗಿತ್ತು. ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಕೇಳಲಿಕ್ಕೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆದರೂ ಎದೆ ಮುಟ್ಟಿ ನೋಡಿಕೊಂಡೆ.

ಒಳಗೆ ತುರ್ತು ಸಭೆ ಸೇರಿತು. ಠರಾವು: 'ಸದರಿ ಹೆಂಗಸರು ಸದಸ್ಯರ ಆಯಸ್ಸನ್ನು ಸಾರ್ವಜನಿಕವಾಗಿ ಕಮ್ಮಿ ಮಾಡುತ್ತಿರುವುದರಿಂದ, ಬಾಧಿತ ಗಂಡಂದಿರು ದಿನಂಪ್ರತಿ ಸಂಜೆ ಕಾಂಪೌಂಡರ್ ಹತ್ತಿರ ನಾಡಿ ತೋರಿಸತಕ್ಕದ್ದು.' ಸಾಲಾಗಿ ನಿಂತು ತೋರಿಸಿದೆವು.

"ಎಷ್ಟು ಸಲ ಅಂದ್ಲು ಇವತ್ತು?" ಎಂದು ಕಾಂಪೌಂಡರ್ ವೆಂಕಟಯ್ಯ ನನ್ನ ಕೈ ಹಿಡಿದು ಕೇಳಿದ.

"ನೂರಾ ಎಂಬತ್ತು."

"ಗಟ್ಟಿ ಇದೀಯ ಕಣಯ್ಯ."

ಎಂಟನೇ ದಿನಕ್ಕೆ ನನ್ನ ತೂಕ ಒಂದು ಕೇಜಿ ಹೆಚ್ಚಾಗಿತ್ತು. ಇದನ್ನು ಗುಟ್ಟಾಗಿ ಇಡತಕ್ಕದ್ದೆಂದು ಸಭೆ ತೀರ್ಮಾನಿಸಿತು.

ಹೆಸರು ಹೇಳಿದ್ದಾಯ್ತಲ್ಲ, ಸೇರಿಸ್ಕಳಿ ಎಂದರು ಹೆಂಗಸರು. ಹಾಗೆ ಸೇರಿಸಲು ಬರುತ್ತಿರಲಿಲ್ಲ. ಹೇಳಿದ್ದು ಕಾರ್ಯದರ್ಶಿಯವರ ಸಮಕ್ಷಮ ಅಲ್ಲ. ಮಲ್ಲಿಕಾರ್ಜುನಯ್ಯ ಮೊದಲ ದಿನವೇ ಕಿವಿಗೆ ಹತ್ತಿ ಇಟ್ಟುಕೊಂಡು ಸಂಘದ ಅಟ್ಟ ಹತ್ತಿದ್ದರು. ಹೆಂಗಸರು ಬರುವ ಮುಂಚೆ ಹತ್ತುವುದು, ಹೋದ ಮೇಲೆ ಇಳಿಯುವುದು. ಕಾಯಿ ರಾಶಿಯ ನಡುವೆ ಕೂತು ಕಚೇರಿ ನಡೆಸುತ್ತಿದ್ದರು. ಏಣಿ ಹತ್ತಿ ಫೈಲು ಕೊಡುವುದು ನನ್ನ ಕೆಲಸ.

ಹನ್ನೊಂದನೇ ದಿನ ಅವರ ಹೆಂಡತಿ ಶಿವರುದ್ರಮ್ಮ ಮಧ್ಯಾಹ್ನದ ಬುತ್ತಿ ತಂದರು. ದಿನಾ ಏಣಿ ಬುಡದಲ್ಲಿಟ್ಟು ಹೋಗುತ್ತಿದ್ದವರು ಅವತ್ತು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಒಳಗೆ ಬಂದು ಅಟ್ಟದ ಕಡೆ ತಲೆ ಎತ್ತಿದರು.

"ಮಲ್ಲಿಕಾರ್ಜುನಯ್ನೋರೇ. ಊಟಕ್ಕೆ ಇಳೀತೀರೋ, ಬುತ್ತಿ ಜಗಲೀಲಿರೋರಿಗೆ ಕೊಡ್ಲೋ?"

ಹತ್ತಿಯೊಳಗೂ ಕೇಳಿಸಿತು. ಇಳಿದರು. ಹನ್ನೊಂದು ಜನ ಬಾಗಿಲಲ್ಲಿ ನಿಂತು ಒಬ್ಬೊಬ್ಬರಾಗಿ ಹೇಳಿದರು. ಸಮಕ್ಷಮವೂ ಆಯಿತು.

ಅರ್ಜಿಗಳನ್ನು ಪರಿಶೀಲನೆಯಲ್ಲಿ ಇಡಲಾಯಿತು. ಮೂರು ವರ್ಷ ಇಟ್ಟೆವು.

ಆ ಮೂರು ವರ್ಷ ಪ್ರತಿ ಸಭೆಯ ದಿನ ನನ್ನ ಹೆಂಡತಿ ಒಗೆದ ಸೀರೆ ಉಟ್ಟು ಉಳಿದ ಹತ್ತು ಜನರ ಜೊತೆ ಜಗಲಿಯಲ್ಲಿ ಕೂರುತ್ತಿದ್ದಳು. ಅಕಸ್ಮಾತ್ ಹೆಸರು ಕರೆದರೆ ಅಂತ. ಯಾರೂ ಕರೆಯಲಿಲ್ಲ. ನಾನು ಅವಳ ಮುಂದೆಯೇ ಒಳಗೆ ಹೋಗುತ್ತಿದ್ದೆ. ೧೯೮೧ರ ಮಾಘದಲ್ಲಿ ಜ್ವರ ಬಂತು. ನಾಲ್ಕು ದಿನ. ಹೋದಳು.

ನನ್ನ ನಾಡಿ ಚೆನ್ನಾಗಿತ್ತು.

ತಿಥಿ ಮುಗಿದ ವಾರಕ್ಕೆ ಸಂಘ ಅವಳನ್ನು ಸದಸ್ಯೆ ಮಾಡಿತು. ಪ್ರಥಮ ಮಹಿಳಾ ಸದಸ್ಯೆ ಎಂದು ಹಲಗೆ ಬರೆಸಿದರು. "ಇನ್ನು ಯಾರಿಗೂ ತೊಂದರೆ ಇಲ್ಲವಲ್ಲ," ಎಂದರು ಮಲ್ಲಿಕಾರ್ಜುನಯ್ಯ. ಉಳಿದ ಹತ್ತು ಅರ್ಜಿಗಳಿಗೂ ಷರಾ ಆಯಿತು: 'ಅರ್ಜಿದಾರರು ಇನ್ನೂ ಜೀವಂತವಿರುವುದರಿಂದ ಅವಸರವಿಲ್ಲ.'

ತೀರಿಹೋದ ಸದಸ್ಯರ ಪರವಾಗಿ ವಾರಸುದಾರರು ಕೂರಬಹುದು. ಅದಕ್ಕೂ ನಿಯಮ ಇತ್ತು. ವಾರಸುದಾರರು ಸದರಿ ಸದಸ್ಯರ ಹೆಸರನ್ನು ಸಭೆಯ ಸಮಕ್ಷಮ ಬಾಯಿಬಿಟ್ಟು ಹೇಳತಕ್ಕದ್ದು.

ಎದ್ದು ನಿಂತೆ. ಮೂವತ್ತು ವರ್ಷದಲ್ಲಿ ಅವಳನ್ನು ಹೆಸರು ಹಿಡಿದು ಕರೆದವನಲ್ಲ. 'ಏ' ಅನ್ನುತ್ತಿದ್ದೆ. 'ಇವಳೇ' ಅನ್ನುತ್ತಿದ್ದೆ. ನೀರು ತರುವುದು ತಡವಾದರೆ 'ಎಲ್ಲಿ ಸತ್ತೆ' ಅನ್ನುತ್ತಿದ್ದೆ. ಹೆಂಡತಿಯ ಹೆಸರು ಹೇಳಬಾರದು ಎಂದು ನನಗೆ ಯಾರೂ ಕಟ್ಟು ಹಾಕಿರಲಿಲ್ಲ. ಹೇಳಬೇಕು ಅನ್ನಿಸಿರಲಿಲ್ಲ, ಅಷ್ಟೇ. ಬಾಯಿ ತೆಗೆದೆ. ಬರಲಿಲ್ಲ. ರುಜು ಹಾಕುತ್ತೇನೆ ಎಂದೆ. ನಡೆಯುವುದಿಲ್ಲ ಎಂದರು.

ಕಿಟಕಿಯ ಆಚೆ ಜಗಲಿಯಲ್ಲಿ ಕರಟ ಒಡೆಯುತ್ತಿದ್ದ ಹತ್ತು ಮಚ್ಚೂ ನಿಂತವು. ಅವರ ಜೊತೆ ಕೂತಿದ್ದ ಶಿವರುದ್ರಮ್ಮ ಅಂದರು, "ಹೇಳಿ ಗಿಡ್ಡಯ್ನೋರೇ. ಆಯಸ್ಸೇನೂ ಕಮ್ಮಿ ಆಗಕಿಲ್ಲ. ಆಗಬೇಕಾದ್ದು ಆಗೋಯ್ತಲ್ಲ."

"ಚಿಕ್ಕಗೌರಮ್ಮ," ಎಂದೆ.

ಮಲ್ಲಿಕಾರ್ಜುನಯ್ಯ ಹಾಜರಿ ಹಾಕಿದರು. ಒಬ್ಬ ಆಸಾಮಿ ಎರಡು ಹೆಸರಿಗೆ ಹಾಜರಾಗುವಂತಿಲ್ಲವಾದ್ದರಿಂದ ನನ್ನ ಹೆಸರಿನ ಮುಂದೆ ಗೈರು ಎಂದು ಬರೆದರು. ನಾನು ತಕರಾರು ಎತ್ತಲಿಲ್ಲ.

ಈಗ ಆರು ವರ್ಷವಾಯಿತು. ಸಭೆ ಸೇರಿದಾಗ ಎದ್ದು ಅವಳ ಹೆಸರು ಹೇಳುತ್ತೇನೆ. ಆ ಹತ್ತು ಅರ್ಜಿಗಳ ಪರ ಕೈ ಎತ್ತುತ್ತೇನೆ. ಒಂದೇ ಕೈ. ಅರ್ಜಿಗಳು ಪರಿಶೀಲನೆಗೆ ಹೋಗುತ್ತವೆ. ಹತ್ತು ಹೆಂಗಸರು ಹೊರಗೆ ಗಿಟುಕಿಗೊಂದು ಹೆಸರು ಹೇಳುತ್ತ ಕೂತಿರುತ್ತಾರೆ. ವೆಂಕಟಯ್ಯ ನಾಡಿ ನೋಡುವುದನ್ನು ಬಿಟ್ಟಿದ್ದಾನೆ. ಎಲ್ಲರಿಗೂ ರೂಢಿಯಾಗಿದೆ.

ಸಂಘದ ರಿಜಿಸ್ಟರಿನ ಪ್ರಕಾರ ಚಿಕ್ಕಗೌರಮ್ಮ ಒಂದು ಸಭೆಯನ್ನೂ ತಪ್ಪಿಸಿಲ್ಲ. ಅವಳು ಸೇರಿದ ಮೇಲೆ ನಾನು ಒಂದಕ್ಕೂ ಬಂದಿಲ್ಲ.