ಲೈಟ್ ಡಬ್ಬಿಯ ಮುಖ ಯಾವ ಕಡೆ?

"ಬೋರ್ಡಿನ ಚಿಂತಿ ನನಗ ಬಿಡು. ಮೂವತ್ನಾಕು ವರ್ಷ ಮಂದಿ ಹೊಲದ ಸರಹದ್ದು ಅಳದು ಕೊಟ್ಟಾಂವ ನಾನು. ಒಂದು ಡಬ್ಬಿ ಯಾವ ಕಡೆ ಮುಖ ಮಾಡಬೇಕು ಅನ್ನೋದು ನನಗ ಯಾರರೆ ಹೇಳಿಕೊಡಬೇಕೇನು?"

ಹೀಗೆಂದು ಘೋಷಿಸಿದವರು ಕನ್ನಡ-ತೆಲುಗು ಗಡಿಯ ಮಕ್ತಲ್‌ನ ನಿವೃತ್ತ ಮಂಡಲ ಸರ್ವೆಯರ್ ಮಹಾಂತಯ್ಯನವರು. ಘೋಷಣೆಯನ್ನು ಕೇಳಿಸಿಕೊಂಡ ಹೆಂಡತಿ ಶಂಕ್ರಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಆತು ಬಿಡ್ರಿ, ನೀವೇ ನೋಡ್ರಿ. ಆದ್ರ ಶುಕ್ರವಾರದೊಳಗ ಆಗಬೇಕು."

"ಶುಕ್ರವಾರ ಯಾಕ, ಸೋಮವಾರನೇ ಆಗ್ತೈತಿ!"

ಆತುರಕ್ಕೆ ಕಾರಣವಿತ್ತು. ಇಟಿಕ್ಯಾಲ, ವಡ್ಡೆಪಲ್ಲಿ, ರಾಜೋಳಿ ಎಂದು ಗಂಡನಿಗೆ ವರ್ಗವಾದ ಊರಿಗೆಲ್ಲ ಒಲೆ ಹೊತ್ತುಕೊಂಡು ಹೋಗಿ, ಅಳತೆಯ ಸರಪಳಿ ಹಿಡಿಯುವ ಆಳುಗಳಿಗೂ ರೊಟ್ಟಿ ಬಡಿದು ಹಾಕಿದ ಶಂಕ್ರಮ್ಮ, ಬದುಕಿನಲ್ಲಿ ಮೊದಲ ಸಲ ತಮ್ಮ ಹೆಸರಿನಲ್ಲೇ ಒಂದು ಅಂಗಡಿ ಇಟ್ಟಿದ್ದರು. ರಾಯಚೂರಿಗೆ ಹೋಗುವ ದೊಡ್ಡ ರಸ್ತೆಯ ಮಗ್ಗುಲಿಗೆ ಒಂದು ಕೋಣೆ, ನಾಲ್ಕು ಮೇಜು, ಎರಡು ಒಲೆ. ತಿಂಗಳಾದರೂ ಅಲ್ಲೊಂದು ರೊಟ್ಟಿ ಅಂಗಡಿ ಇದೆ ಎಂಬುದು ರಸ್ತೆಯಲ್ಲಿ ಹೋಗುವ ಬಸ್ಸುಗಳಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಯಾರ ಬಾಯಿಂದಲೋ ರೊಟ್ಟಿಯ ಸುದ್ದಿ ಕೇಳಿದ ರಾಯಚೂರಿನ ಮಲ್ಲೇಶ್ವರಮ್ಮನೆಂಬ ಹಿರಿಯರಿಂದ ಫೋನು ಬಂತು. ಮೊಮ್ಮಗಳ ಮದುವೆಗೆ ಸೀರೆ ತರಲು ಇಪ್ಪತ್ತೆರಡು ಮಂದಿ ಸಣ್ಣ ಬಸ್ಸು ಮಾಡಿಕೊಂಡು ಶುಕ್ರವಾರ ನಾರಾಯಣಪೇಟೆಗೆ ಹೊರಟಿದ್ದಾರೆ. ಹೋಗುವಾಗ ಮಧ್ಯಾಹ್ನ ಒಮ್ಮೆ, ಬರುವಾಗ ಸಂಜೆ ಒಮ್ಮೆ, ಎರಡು ಹೊತ್ತಿನ ಊಟವೂ ಶಂಕ್ರಮ್ಮನಲ್ಲೇ.

"ನಿಮ್ಮ ಅಂಗಡಿ ಗುರುತು ಹೆಂಗ ಹಿಡೀಬೇಕು ತಂಗಿ?"

"ಕನ್ನಡದಾಗ ಬರದ ಲೈಟಿನ ಬೋರ್ಡು ಇರ್ತೈತ್ರಿ ಅಮ್ಮಾರ" ಎಂದು ಶಂಕ್ರಮ್ಮ ಇಲ್ಲದ ಬೋರ್ಡಿನ ಮೇಲೆ ಆಣೆ ಮಾಡಿಬಿಟ್ಟಿದ್ದರು.

ಬೋರ್ಡು ಎಂದರೆ ಸುಮ್ಮನೆ ತಗಡಲ್ಲ. ಒಳಗೆ ಲೈಟು ಉರಿಯುವ ಡಬ್ಬಿ. ಗೋಡೆಯಿಂದ ರಸ್ತೆಯ ಕಡೆಗೆ ಚಾಚಿಕೊಂಡು ನಿಲ್ಲುತ್ತದೆ, ಎರಡು ಮುಖ ಇರುತ್ತದೆ. ಒಂದರ ಮೇಲೆ ಕನ್ನಡ, ಇನ್ನೊಂದರ ಮೇಲೆ ತೆಲುಗು. ರಾಯಚೂರಿನಿಂದ ಬರುವವರು ಕನ್ನಡದವರು, ಅವರಿಗೆ ಕನ್ನಡ ಕಾಣಬೇಕು. ರಸ್ತೆಯ ಆ ತುದಿಯ ಪಾಲಮೂರು, ನಾರಾಯಣಪೇಟೆ ಕಡೆಯಿಂದ ಬರುವವರು ತೆಲುಗಿನವರು, ಅವರಿಗೆ ತೆಲುಗು ಕಾಣಬೇಕು. ಇದು ಮಹಾಂತಯ್ಯನವರ ಸಿದ್ಧಾಂತ. ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಸ್ಕೇಲು ಹಿಡಿದು ನಕ್ಷೆ ಬರೆದರು. ನಡುವೆ ಬಾಗಿಲು, ಬಾಗಿಲ ಬಲಕ್ಕೆ ರಾಯಚೂರು, ಎಡಕ್ಕೆ ಪಾಲಮೂರು, ಮೇಲೆ ಡಬ್ಬಿ. ಕೆಳಗೆ ಸಹಿ, ತಾರೀಖು. ಗದ್ವಾಲದಲ್ಲಿ ಬೋರ್ಡು ಮಾಡುವ ಕಲ್ಯಾಣ್‌ಗೆ ವಾಟ್ಸ್ಯಾಪಿನಲ್ಲಿ ಕಳಿಸಿ, "ನಕ್ಷಾ ಪ್ರಕಾರ ಒಂದು ಇಂಚು ಆಕಡಿ ಈಕಡಿ ಆಗಬಾರದು" ಎಂದು ತಾಕೀತು ಮಾಡಿದರು.

ಸೋಮವಾರ ಡಬ್ಬಿ ಬಂತು. ರಸ್ತೆಯ ಆಚೆ ಬದಿಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವ ಎಂಕಪ್ಪ ಏಣಿ, ಡ್ರಿಲ್ಲು, ಪಾನಾ ಎಲ್ಲ ತಂದು ಗೋಡೆಗೆ ಬಿಗಿದ. ಮಹಾಂತಯ್ಯನವರು ಸ್ವಿಚ್ಚು ಒತ್ತಿದರು. ಶಂಕ್ರಮ್ಮ ರೊಟ್ಟಿ ಕೇಂದ್ರ ಝಗ್ಗೆಂದು ಬೆಳಗಿತು!

ಶಂಕ್ರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ತಮ್ಮ ಹೆಸರನ್ನು ನೋಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಕಣ್ಣಿಗೆ ಹಿಟ್ಟು ಹೋಯಿತೆಂದು ಒಳಗೆ ಹೋದರು.

ಇಷ್ಟಕ್ಕೇ ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಸರ್ವೆಯರಿಗೆ ತನಿಖೆ ಮಾಡದೆ ಕಾಗದ ಮುಚ್ಚುವ ಅಭ್ಯಾಸವಿಲ್ಲ. ಮಹಾಂತಯ್ಯನವರು ರಾಯಚೂರಿನ ಕಡೆಗೆ ನೂರು ಹೆಜ್ಜೆ ನಡೆದು, ಹೊರಳಿ ನೋಡಿದರು. ತೆಲುಗು ಕಂಡಿತು. ಕನ್ನಡಕ ಒರೆಸಿ ನೋಡಿದರು. ಇನ್ನೂ ಸ್ಪಷ್ಟವಾದ ತೆಲುಗು ಕಂಡಿತು.

"ಏ ಎಂಕಪ್ಪ! ಉಲ್ಟಾ ಆಗೈತಿ! ರಾಯಚೂರವ್ರಿಗಿ ತೆಲುಗು ಕಾಣ್ತೈತಿ!"

ಶಂಕ್ರಮ್ಮ ಬಾಗಿಲಿಂದಲೇ ಹೇಳಿದರು: "ಇರಲಿ ಬಿಡ್ರಿ. ಅದನ್ನ ಲೈಟಾಗಿ ತಗೋರಿ."

"ಲೈಟಾಗಿ ತಗೊಳ್ಳಾಕ ಇದೇನು ಬಲ್ಬೇನು? ತತ್ವದ ಪ್ರಶ್ನಿ ಐತಿ!"

ಮಂಗಳವಾರ ಬೆಳಿಗ್ಗೆ ತತ್ವದ ಪ್ರಕಾರ ಡಬ್ಬಿಯನ್ನು ಬಿಚ್ಚಿ, ಕನ್ನಡದ ಮುಖ ರಾಯಚೂರಿಗೆ ಬರುವಂತೆ ತಿರುಗಿಸಿ ಬಿಗಿಯಲಾಯಿತು. ಕನ್ನಡ ರಾಯಚೂರನ್ನೇ ನೋಡಿತು. ಆದರೆ ತಲೆ ಕೆಳಗೆ ಮಾಡಿಕೊಂಡು ನೋಡಿತು.

ಸಂಗತಿ ಇಷ್ಟೆ. ಡಬ್ಬಿಯ ಒಂದೇ ಅಂಚಿಗೆ ಕ್ಲಾಂಪುಗಳನ್ನು ಬೆಸುಗೆ ಹಾಕಿದ್ದರು. ಆ ಅಂಚು ಗೋಡೆಗೇ ಹತ್ತಬೇಕು. ಹಾಗಿರುವಾಗ ಮುಖ ಬದಲಾಯಿಸಬೇಕೆಂದರೆ ಡಬ್ಬಿ ಶೀರ್ಷಾಸನ ಹಾಕಲೇಬೇಕು. ಎಂಕಪ್ಪ ಏಣಿಯ ಮೇಲೆ ನಿಂತು ಎರಡು ಸಲ ತಿರುಗಿಸಿ ನೋಡಿದ. ಅಕ್ಷರ ನೆಟ್ಟಗಾದರೆ ಕನ್ನಡ ಪಾಲಮೂರಿಗೆ ಹೋಗುತ್ತದೆ; ಕನ್ನಡ ರಾಯಚೂರಿಗೆ ಬಂದರೆ ಅಕ್ಷರ ಉಲ್ಟಾ.

ಅಷ್ಟರಲ್ಲಿ ಒಬ್ಬ ಆಟೋದವನು ಗಾಡಿ ನಿಲ್ಲಿಸಿ, ತಲೆ ವಾಲಿಸಿ, ಕಿವಿ ಹೆಗಲಿಗೆ ತಾಗುವವರೆಗೂ ವಾಲಿಸಿ ಓದಲು ನೋಡಿದ.

"ಇದು ಯಾವ ಭಾಷಾ ಸಾರು? ಮಲಯಾಳಂ ಏನು?"

ಮಹಾಂತಯ್ಯನವರು ಸೀದಾ ಗದ್ವಾಲಕ್ಕೆ ಫೋನು ಹಚ್ಚಿದರು. ಸಿಟ್ಟಿನ ಮಾತನ್ನೆಲ್ಲ ಕೇಳಿಸಿಕೊಂಡ ಕಲ್ಯಾಣ್ ಬಹಳ ವಿನಯದಿಂದ ಹೇಳಿದ: "ಮೀ ನಕ್ಷಾಲ ಎಟ್ಲುಂದೋ ಅಟ್ಲನೇ ಚೇಸಿನ ಸಾರು!" ನಕ್ಷೆಯಲ್ಲಿ ಹೇಗಿತ್ತೋ ಹಾಗೇ ಮಾಡಿದ್ದಾನಂತೆ. ಬೇಕಾದರೆ ನಕ್ಷೆಯನ್ನೇ ತಿರುಗಿ ಕಳಿಸುತ್ತಾನಂತೆ. ಕಳಿಸಿಯೂ ಬಿಟ್ಟ.

ಮಹಾಂತಯ್ಯನವರು ಫೋನು ಹಿಡಿದುಕೊಂಡು ರಸ್ತೆಯಲ್ಲಿ ಅಂಗಡಿಗೆ ಎದುರಾಗಿ ನಿಂತರು. ಬಾಗಿಲ ಬಲಕ್ಕೆ ಪಾಲಮೂರು ಇತ್ತು. ಅಂಗಡಿಯೊಳಗೆ ಹೋಗಿ ಕುರ್ಚಿಯ ಮೇಲೆ ಕೂತು ರಸ್ತೆಯ ಕಡೆ ನೋಡಿದರು. ಬಲಕ್ಕೆ ರಾಯಚೂರು ಇತ್ತು. ನಕ್ಷೆ ಬರೆದದ್ದು ಒಳಗೆ ಕೂತು. ಓದಿದವನು ಹೊರಗೆ ನಿಂತಂತೆ ಓದಿದ್ದಾನೆ. ಮೂವತ್ನಾಲ್ಕು ವರ್ಷ ಪ್ರತಿ ನಕ್ಷೆಗೂ ಉತ್ತರ ದಿಕ್ಕಿನ ಬಾಣ ಹಾಕಿದ ಮನುಷ್ಯ ಸ್ವಂತ ಹೆಂಡತಿಯ ಅಂಗಡಿಗೆ ಬಾಣ ಹಾಕುವುದನ್ನೇ ಮರೆತಿದ್ದರು.

"ಏನಂತ್ರಿ?" ಎಂದರು ಶಂಕ್ರಮ್ಮ.

"ಆ ಹುಡುಗಗ ನಕ್ಷಾ ಓದಾಕ ಬರಂಗಿಲ್ಲ" ಎಂದರು ಮಹಾಂತಯ್ಯನವರು.

ಮುಖದ ಹಾಳೆಗಳನ್ನು ಅದಲುಬದಲು ಮಾಡಲು ಡಬ್ಬಿಯನ್ನು ಗದ್ವಾಲಕ್ಕೇ ಒಯ್ಯಬೇಕಂತೆ, ಹತ್ತು ದಿನ ಬೇಕಂತೆ. ಶುಕ್ರವಾರಕ್ಕೆ ಉಳಿದದ್ದು ಮೂರೇ ದಿನ. ಬುಧವಾರವೆಲ್ಲ ಮಹಾಂತಯ್ಯನವರು ಒಂದು ಬೆಂಕಿಪೊಟ್ಟಣದ ಮುಂದೆ ಕಳೆದರು. ಪೊಟ್ಟಣದ ಒಂದು ಬದಿಗೆ ಕನ್ನಡದ ಕ, ಇನ್ನೊಂದು ಬದಿಗೆ ತೆಲುಗಿನ ತ, ಅಂಚಿಗೆ ಕ್ಲಾಂಪಿನ ಬದಲು ಒಂದು ಕಡ್ಡಿ. ಗೋಡೆಗೆ ಹಚ್ಚಿದರು, ಕಿಟಕಿಗೆ ಹಚ್ಚಿದರು, ಮಲಗಿ ನೋಡಿದರು. ಮಧ್ಯಾಹ್ನದ ಊಟ ಮರೆತರು. ನಾಲ್ಕು ಗಂಟೆಗೆ ಎದ್ದು ನಿಂತು ತೀರ್ಪು ಕೊಟ್ಟರು:

"ಶಂಕ್ರಿ, ಡಬ್ಬಿ ಬರೋಬ್ಬರಿ ಐತಿ! ನಮ್ಮ ಅಂಗಡಿನೇ ರಸ್ತೆಯ ತಪ್ಪು ಬದಿಗಿ ಐತಿ!"

ಶಂಕ್ರಮ್ಮ ಬದನೆಕಾಯಿ ಸೀಳುತ್ತಿದ್ದವರು ಚಾಕು ಕೆಳಗಿಟ್ಟರು. "ಅಂಗಡಿ ಎತ್ತಿ ಆಚಿ ಬದಿಗಿ ಇಡಾಕ ಬರ್ತೈತೇನ್ರಿ?"

"ಅಂಗಡಿ ಯಾಕ ಎತ್ತಬೇಕು? ಡಬ್ಬಿ ಎತ್ತೋದು! ಎಂಕಪ್ಪನ ಗೋಡಿಗಿ ಹಚ್ಚಿದ್ರ ಕನ್ನಡನೂ ರಾಯಚೂರಿಗಿ, ಅಕ್ಷರನೂ ನೆಟ್ಟಗ. ಗಣಿತದ ಮಾತು ಇದು, ಸುಳ್ಳಾಗಂಗಿಲ್ಲ."

ಗಣಿತ ಸುಳ್ಳಾಗಲಿಲ್ಲ. ಗುರುವಾರ ಡಬ್ಬಿ ಎಂಕಪ್ಪನ ಗೋಡೆಯೇರಿತು. ರಾಯಚೂರಿನ ಕಡೆ ನೂರು ಹೆಜ್ಜೆ ಹೋಗಿ ನೋಡಿದರೆ ದುಂಡಗೆ, ನೆಟ್ಟಗೆ, ಕನ್ನಡ. ತನ್ನ ಅಂಗಡಿಯ ಮುಂದೆ ಪುಕ್ಕಟೆ ಬೆಳಕಾಯಿತೆಂದು ಎಂಕಪ್ಪನಿಗೂ ಸಂತೋಷ. ಶಂಕ್ರಮ್ಮ ಮಾತ್ರ ರಸ್ತೆಯ ಆಚೆ ಉರಿಯುತ್ತಿದ್ದ ತಮ್ಮ ಹೆಸರನ್ನು, ನೆರೆಮನೆಗೆ ಕೊಟ್ಟ ಪಾತ್ರೆಯನ್ನು ನೋಡುವಂತೆ ನೋಡಿದರು.

ಶುಕ್ರವಾರ ಬಂತು. ನೂರೈವತ್ತು ರೊಟ್ಟಿ, ಒಂದು ದೊಡ್ಡ ಬೋಗುಣಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ ಸಿದ್ಧವಾದವು. ಮಟಮಟ ಮಧ್ಯಾಹ್ನವಾದರೂ ಮಹಾಂತಯ್ಯನವರು ಡಬ್ಬಿಯ ಲೈಟು ಆರಿಸಗೊಡಲಿಲ್ಲ. ಒಂದು ಗಂಟೆಗೆ ಸಣ್ಣ ಬಸ್ಸು ರಾಯಚೂರಿನ ಕಡೆಯಿಂದ ಬಂದು, ಬೋರ್ಡು ಓದಿಕೊಂಡು, ನೇರವಾಗಿ ಹೋಗಿ ಎಂಕಪ್ಪನ ಅಂಗಡಿಯ ಮುಂದೆ ನಿಂತಿತು. ಇಪ್ಪತ್ತೆರಡು ಮಂದಿ ಇಳಿದು ಮೋಟರುಗಳ ನಡುವೆ ತುಂಬಿಕೊಂಡರು.

"ಊಟಕ್ಕ ಏನೇನದಾವ್ರಿ?" ಎಂದು ಕೇಳಿದರು ಮಲ್ಲೇಶ್ವರಮ್ಮ.

ಎಂಕಪ್ಪ ಗ್ರೀಸಿನ ಕೈ ಒರೆಸಿಕೊಂಡು, "ನನ್ನ ಕಡಿ ತ್ರೀ ಎಚ್‌ಪಿ, ಫೈವ್ ಎಚ್‌ಪಿ ಮೋಟ್ರ ಅದಾವ್ರಿ ಅಮ್ಮಾ. ರೊಟ್ಟಿ ಎದುರಿಗಿ" ಎಂದ.

ಎದುರಿಗೆ ಎಂದರೆ ನಡುವೆ ಹೆದ್ದಾರಿ. ಲಾರಿಗಳು ಒಂದರ ಹಿಂದೆ ಒಂದು. ಮಹಾಂತಯ್ಯನವರು ಮನೆಗೆ ಓಡಿ ಸರ್ವೆಯ ಕಾಲದ ಕೆಂಪು ಝಂಡಾ ತಂದು, ರಸ್ತೆಯ ನಡುವೆ ಅದನ್ನು ಬೀಸುತ್ತ ನಿಂತು, ಅಜ್ಜಿಯರು, ಬಾಣಂತಿ, ಮದುಮಗಳು ಎಲ್ಲರನ್ನೂ ನಾಲ್ಕು ಕಂತಿನಲ್ಲಿ ದಾಟಿಸಿದರು. ಒಬ್ಬ ಲಾರಿಯವನು ಏನೋ ಅಂದ. ಅದು ಕನ್ನಡವೂ ಅಲ್ಲ, ತೆಲುಗೂ ಅಲ್ಲವಾದ್ದರಿಂದ ಮಹಾಂತಯ್ಯನವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮಂದಿ ಕೂತರು. ಅರ್ಧರ್ಧ ರೊಟ್ಟಿ ಮುರಿದರು. ಎದ್ದರು.

"ಯಾಕ್ರಿ ಅಮ್ಮಾ, ರುಚಿ ಬರಲಿಲ್ಲೇನು?" ಶಂಕ್ರಮ್ಮನ ದನಿ ಸಣ್ಣಗಾಯಿತು.

"ಅಯ್ಯ, ರುಚಿ ಭಾಳ ಐತಿ ತಂಗಿ! ಮನ್ಯಾಗ ಸೊಸಿ ಒತ್ತಾಯ ಮಾಡಿ ಸುಸಲಾ ತಿನಿಸಿ ಕಳಿಸ್ಯಾಳ. ಬರೋ ಮುಂದ ಹೊಟ್ಟಿ ತುಂಬ ಉಣತೀವಿ, ಎಲ್ಲಾ ಇಟ್ಟಿರು."

ಶಂಕ್ರಮ್ಮ ಎಲ್ಲಾ ಇಟ್ಟಿದ್ದರು. ಆರಾಯಿತು, ಏಳಾಯಿತು. ಮಹಾಂತಯ್ಯನವರು ಝಂಡಾ ಹಿಡಿದು ರಸ್ತೆಯ ಅಂಚಿನಲ್ಲೇ ನಿಂತಿದ್ದರು. ಕತ್ತಲಲ್ಲಿ ಹೆಡ್‌ಲೈಟುಗಳ ಹಿಂದಿನ ಬಸ್ಸು ಯಾವುದೆಂದು ತಿಳಿಯುತ್ತಿರಲಿಲ್ಲ. ಏಳೂವರೆಗೆ ಫೋನು ಬಂತು.

"ಎಲ್ಲಿ ಐತಿ ತಂಗಿ ನಿನ್ನ ಅಂಗಡಿ?" ಮಲ್ಲೇಶ್ವರಮ್ಮನ ದನಿಯಲ್ಲಿ ಹಸಿವು ಕೇಳಿಸುತ್ತಿತ್ತು. "ಸೀರಿ ಆರಿಸಿ ಆರಿಸಿ ಪ್ರಾಣ ಹೋಗೈತಿ. ಕನ್ನಡ ಬೋರ್ಡು ಹುಡಕ್ಕೋತ ಬಂದೀವಿ. ಎಲ್ಲಾ ತೆಲುಗು ಬೋರ್ಡೇ ಬಂದವು. ಹಂಗ ಬಂದು ಬಂದು ಈಗ ಕೃಷ್ಣಾ ಹೊಳೀನೇ ಬಂತು!"

ಪಾಲಮೂರು ಕಡೆಯಿಂದ ಬರುವವರಿಗೆ ತೆಲುಗು ಕಾಣಬೇಕೆಂಬ ಸಿದ್ಧಾಂತ ಚಾಚೂ ತಪ್ಪದೆ ಕೆಲಸ ಮಾಡಿತ್ತು.

ಶಂಕ್ರಮ್ಮ ಫೋನು ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಮಹಾಂತಯ್ಯನವರಿಗೆ ಹಗುರಾಗುತ್ತಿತ್ತು. ಬೋಗುಣಿಯ ಮುಚ್ಚಳ ತೆಗೆದು, ಮುಟ್ಟದೆ ಉಳಿದ ಎಣ್ಣೆಗಾಯಿಗಳನ್ನು ನೋಡಿ, ಮತ್ತೆ ಮುಚ್ಚಿದರು. ಮಹಾಂತಯ್ಯನವರು ತಾವಾಗಿಯೇ ತಟ್ಟೆ ತಂದು ಕೂತರು. ಒಂದು ಉಂಡರು, ಎರಡು ಉಂಡರು, ಆರನೆಯದಕ್ಕೆ ಕೈ ಹಾಕಿದಾಗ ಹೇಳಿದರು:

"ನಕ್ಷಾ ನಂದೇ ತಪ್ಪಿತ್ತು, ಶಂಕ್ರಿ. ಒಳಗ ಕುಂತು ಬರದಿದ್ದೆ."

"ಗೊತ್ತೈತ್ರಿ. ಕುರ್ಚಿ ಅಲ್ಲೇ ಇತ್ತಲ್ಲ" ಎಂದು ಶಂಕ್ರಮ್ಮ ಅವರ ತಟ್ಟೆಗೆ ಇನ್ನೊಂದು ಬದನೆಕಾಯಿ ಬಡಿಸಿದರು.

ಶನಿವಾರ ಬೆಳಿಗ್ಗೆ ಮಹಾಂತಯ್ಯನವರು ಏಳುವ ಹೊತ್ತಿಗೆ ಶಂಕ್ರಮ್ಮ ಎಂಕಪ್ಪನನ್ನು ಏಣಿ ಹತ್ತಿಸಿಯಾಗಿತ್ತು. ಡಬ್ಬಿ ರಸ್ತೆ ದಾಟಿ ಬಂದು ಅಂಗಡಿಯ ಗೋಡೆಗೆ ನೆಟ್ಟಗೆ ಹತ್ತಿತು. ಕನ್ನಡದ ಮುಖ ಪಾಲಮೂರು ಕಡೆಗಿತ್ತು.

"ರಾಯಚೂರವ್ರಿಗಿ ತೆಲುಗು ಕಾಣ್ತೈತಲ್ಲ!" ಎಂದು ಮಹಾಂತಯ್ಯನವರು ಹಾಸಿಗೆಯಿಂದೆದ್ದ ಲುಂಗಿಯಲ್ಲೇ ಓಡಿ ಬಂದರು.

"ಕಾಣಲಿ. ಅಲ್ಲಿಂದ ಹೊಂಟವ್ರು ಮನಿ ಊಟ ಹೊಟ್ಟ್ಯಾಗ ಇಟಗೊಂಡೇ ಬರ್ತಾರ. ಹಸಿವು ಆಗೋದು ಹೊಳ್ಳಿ ಊರಿಗಿ ಹೋಗೋ ಮುಂದ್ರಿ. ರಾಯಚೂರವ್ರು ಹೊಳ್ಳೋದು ಈ ಕಡಿಂದ, ಅವ್ರಿಗಿ ಕನ್ನಡ. ನಮ್ಮ ಮಕ್ತಲ್, ನಾರಾಯಣಪೇಟಿ ಮಂದಿ ಹೊಳ್ಳೋದು ಆ ಕಡಿಂದ, ಅವ್ರಿಗಿ ತೆಲುಗು."

ಮಹಾಂತಯ್ಯನವರು ಬೆಂಕಿಪೊಟ್ಟಣದಲ್ಲಿ ಎಲ್ಲವನ್ನೂ ಅಳೆದಿದ್ದರು, ಹೊಟ್ಟೆಯೊಂದನ್ನು ಅಳೆದಿರಲಿಲ್ಲ.

ಸೋಮವಾರ ಮಲ್ಲೇಶ್ವರಮ್ಮನ ಬಸ್ಸು ಇನ್ನೊಮ್ಮೆ ನಾರಾಯಣಪೇಟೆಗೆ ಹೋಯಿತು. ಮದುಮಗಳಿಗೆ ಒಂದು ಸೀರೆಯ ಬಣ್ಣ ಮನೆಗೆ ಹೋದ ಮೇಲೆ ಹಿಡಿಸಿರಲಿಲ್ಲವಂತೆ. ಸಂಜೆ ಆರೂವರೆಗೆ ಹೊರಳಿ ಬರುವಾಗ ಬಸ್ಸು ದೂರದಿಂದಲೇ ಹಾರ್ನ್ ಹಾಕುತ್ತ ಬಂದು ಶಂಕ್ರಮ್ಮನ ಬಾಗಿಲಿಗೇ ನಿಂತಿತು. ಇಪ್ಪತ್ತೆರಡು ಮಂದಿಯೂ ಮಾತಿಲ್ಲದೆ ಉಂಡರು. ರೊಟ್ಟಿ ಸಾಲದೆ ಶಂಕ್ರಮ್ಮ ಮತ್ತೆ ಒಲೆ ಹೊತ್ತಿಸಿದರು. ಮಹಾಂತಯ್ಯನವರು ನೀರು ಕೊಟ್ಟರು, ಚಟ್ನಿ ಬಡಿಸಿದರು, ಕರೆದಲ್ಲಿಗೆ ಓಡಿದರು.

ಮಲ್ಲೇಶ್ವರಮ್ಮ ಕೈ ತೊಳೆದುಕೊಂಡು ಹೊರಗೆ ನಿಂತು ಬೋರ್ಡನ್ನು ಮೆಚ್ಚಿಗೆಯಿಂದ ನೋಡಿದರು. "ಏನ ಚಂದ ಕಾಣ್ತೈತಿ ತಂಗಿ! ಒಂದು ಮೈಲಿ ದೂರದಾಗೇ ನಿನ್ನ ಹೆಸರು ಓದಿದ್ವಿ. ಯಾರು ಇಷ್ಟು ಬರೋಬ್ಬರಿ ಹಾಕಿದವ್ರು?"

ಮಹಾಂತಯ್ಯನವರು ನೀರಿನ ಜಗ್ಗು ಹಿಡಿದು ನೆಟ್ಟಗೆ ನಿಂತರು. ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಶಂಕ್ರಮ್ಮ ಬಹಳ ಗೌರವದಿಂದ ಅವರ ಕಡೆ ಕೈ ತೋರಿಸಿದರು.

"ನಮ್ಮ ಮನಿಯವ್ರು ರೀ. ಸರ್ವೆಯರ್ ಇದ್ದರು. ಐದು ದಿನ ಅಳತಿ ಮಾಡಿ, ಮೊದಲ ಎಲ್ಲಿತ್ತೋ ಅಲ್ಲೇ ಹಾಕ್ಯಾರ."