ನಾಲ್ಕು ಗಂಟೆಯ ಉಪನ್ಯಾಸ, ಹನ್ನೊಂದು ಗಂಟೆಯ ವರದಿ

ಉಪನ್ಯಾಸ ಇದ್ದದ್ದು ಸಂಜೆ ನಾಲ್ಕಕ್ಕೆ. ಅದರ ವರದಿ ಬೆಳಗ್ಗೆ ಹನ್ನೊಂದರೊಳಗೆ ಬೇಕೆಂದು ವಿಭಾಗದ ಮುಖ್ಯಸ್ಥರು ಹತ್ತು ಗಂಟೆಗೆ ಹೇಳಿದರು. ಸುದ್ದಿ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಲ್ಲಿ ಅವರದು ಆರು ವರ್ಷದಿಂದ ತಾತ್ಕಾಲಿಕ ಕೆಲಸ. ವಿಭಾಗದ ವೆಬ್‌ಸೈಟಿನಲ್ಲಿ 'ಸುದ್ದಿ', 'ಮುಂಬರುವ ಕಾರ್ಯಕ್ರಮಗಳು' ಎಂಬ ಎರಡು ಅಂಕಣ ತುಂಬಿಸುವುದು ಅವರ ತಲೆಗೆ ಬಿದ್ದಿತ್ತು. ವಿದ್ಯಾರ್ಥಿಗಳು ಇಟ್ಟ 'ಸುದ್ದಿ ಮೇಷ್ಟ್ರು' ಎಂಬ ಹೆಸರೂ ಅದರಿಂದಲೇ ಬಂದದ್ದು. ಅವರಿಗೆ ಬೇಕಿದ್ದದ್ದು ಮಾತ್ರ ವರದಿಗಾರಿಕೆಯ ಪಾಠ. ಹತ್ತು ವರ್ಷ ಬಿಸಿಲಲ್ಲಿ ಅಲೆದು ಸುದ್ದಿ ತಂದ ಮನುಷ್ಯನಿಗೆ ಆ ವಿದ್ಯೆಯನ್ನು ನಾಲ್ಕು ಜನಕ್ಕೆ ಕಲಿಸಬೇಕೆಂದು ಜೀವ ಹಾತೊರೆಯುತ್ತಿತ್ತು. "ಇದೊಂದು ಕಾರ್ಯಕ್ರಮ ಆಗ್ಲಿ, ಆ ಕ್ಲಾಸು ನಿಮಗೇ" ಎಂದು ಮುಖ್ಯಸ್ಥರು ಪ್ರತಿ ವರ್ಷವೂ ಮೂಗಿಗೆ ತುಪ್ಪ ಸವರುತ್ತಿದ್ದರು.

"ಸರ್, ಇನ್ನೂ ಆಗ್ದೇ ಇರೋದನ್ನ ಹೇಗೆ ಬರೀಲಿ?"

"ಸಂಜೆ ಪತ್ರಿಕೆ ಹನ್ನೆರಡಕ್ಕೆ ಅಚ್ಚಿಗೆ ಹೋಗುತ್ತೆ ಕಣ್ರೀ. ಅತಿಥಿಗಳು ಏನ್ ಮಾತಾಡ್ತಾರೆ ಅಂತ ಗೊತ್ತಿಲ್ವಾ? ಮೂವತ್ತು ವರ್ಷದಿಂದ ಅದನ್ನೇ ಮಾತಾಡ್ತಿದಾರೆ."

ಅತಿಥಿಗಳು ಒಬ್ಬ ನಿವೃತ್ತ ಸಂಪಾದಕರು. ಉಪನ್ಯಾಸದ ವಿಷಯ, 'ಕಣ್ಣಾರೆ ಕಂಡದ್ದನ್ನೇ ಬರೆಯಿರಿ'.

ಮೇಷ್ಟ್ರು ಹಲ್ಲು ಕಚ್ಚಿಕೊಂಡು ಬರೆಯಲು ಕೂತರು. ಹಿಂದಿನಿಂದ ಟೈಪಿಸ್ಟ್ ಅಕ್ಕ ಇಣುಕಿದರು. "ಚಪ್ಪಾಳೇನೇ ಬಂದಿಲ್ವಲ್ಲ ಮೇಷ್ಟ್ರೇ. ಜನ ಏನು ಸತ್ತ ಮನೇಲಿ ಕೂತಿದ್ರಾ?" ವರದಿಯಲ್ಲಿ ಚಪ್ಪಾಳೆ ಬಂತು. ಸಭಾಂಗಣ ಕಿಕ್ಕಿರಿಯಿತು. ಅಷ್ಟರಲ್ಲಿ ಪಕ್ಕದ ಕೋಣೆಯ ಹಿರಿಯ ಮೇಡಂ ಬಂದರು.

"ನನ್ನನ್ನ 'ಸ್ವಾಗತಿಸಿದರು'ಗೆ ಹಾಕಿ. ಹೋದ ಸಲ 'ವಂದಿಸಿದರು' ಅಂತ ಕೊನೇಲಿ ಹಾಕಿದ್ರಿ, ಜಾಗ ಸಾಲ್ದು ಅಂತ ಪತ್ರಿಕೆಯವರು ನನ್ನನ್ನೇ ಕತ್ತರಿಸಿದ್ರು."

"ಸಂಜೆ ಬರ್ತೀರಲ್ಲ ಮೇಡಂ?"

"ನೋಡೋಣ, ಮನೇಲಿ ಕೆಲಸ ಇದೆ."

ಮನೆಯಲ್ಲಿ ಕೆಲಸವಿದ್ದ ಮೇಡಂ ಸಭೆಯಲ್ಲಿ ಎಲ್ಲರನ್ನೂ ಸ್ವಾಗತಿಸಿದರು. ವರದಿ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹೋಯಿತು.

ಒಂದು ಗಂಟೆಗೆ ಅತಿಥಿಗಳ ಮಗಳು ಫೋನು ಮಾಡಿದಳು. "ಅಪ್ಪಂಗೆ ಬೆಳಗ್ಗೆ ದವಡೆ ಹಲ್ಲು ಕಿತ್ತಿದಾರೆ ಸರ್. ಮೂರು ದಿನ ಬಾಯಿ ಬಿಡೋ ಹಾಗಿಲ್ಲ."

ಮೇಷ್ಟ್ರು ಪತ್ರಿಕೆಗೆ ಫೋನು ಮಾಡಿದರು. ಅಚ್ಚಾಗಿ, ಕಟ್ಟಾಗಿ, ಹಂಚೋಕೆ ಹೋಗಿದೆ ಎಂದು ಉತ್ತರ ಬಂತು. ಮುಖ್ಯಸ್ಥರ ಹತ್ತಿರ ಓಡಿದರೆ ಅವರು ಟಿಫಿನ್ ಡಬ್ಬಿಯಿಂದ ತಲೆಯೆತ್ತಲಿಲ್ಲ.

"ಅವರಿಲ್ದಿದ್ರೆ ನೀವೇ ಒಂದು ಗಂಟೆ ಮಾತಾಡಿ. ಒಟ್ಟಲ್ಲಿ ಕಾರ್ಯಕ್ರಮ ಆಗ್ಬೇಕು. ಆಗ್ಲಿಲ್ವೋ, ಆ ಕ್ಲಾಸು ಮರೆತುಬಿಡಿ."

ಸಿಟ್ಟಿನ ನಡುವೆಯೇ ಮೇಷ್ಟ್ರಿಗೆ ಎದೆಯಲ್ಲಿ ಏನೋ ಅರಳಿತು. ಒಂದು ಗಂಟೆ, ತಾವು, ಎದುರಿಗೆ ವಿದ್ಯಾರ್ಥಿಗಳು. ಊಟ ಬಿಟ್ಟು ನಾಲ್ಕು ಹಾಳೆ ಟಿಪ್ಪಣಿ ಮಾಡಿಕೊಂಡರು. ಕನ್ನಡಿಯ ಮುಂದೆ ನಿಂತು ಕೈ ಹೇಗಾಡಿಸಬೇಕೆಂದು ಕೂಡ ನೋಡಿಕೊಂಡರು.

ನಾಲ್ಕಕ್ಕೆ ಮೆಟ್ಟಿಲು ಹತ್ತಿ ಹೋದರೆ ಸಭಾಂಗಣಕ್ಕೆ ಬೀಗ. ಒಂದು ನರಪಿಳ್ಳೆ ಇಲ್ಲ. ಟೈಪಿಸ್ಟ್ ಅಕ್ಕನಿಗೆ ಫೋನು ಮಾಡಿದರು.

"ಮೂರು ಗಂಟೆಗೇ ಪತ್ರಿಕೆ ಬಂತಲ್ಲ ಮೇಷ್ಟ್ರೇ. ಉಪನ್ಯಾಸ ಚೆನ್ನಾಗಾಯ್ತು ಅಂತ ಓದಿದೆ. ಬೀಗ ಹಾಕ್ಕೊಂಡು ಬಂದ್ಬಿಟ್ಟೆ."

ಕೆಳಗೆ ಕ್ಯಾಂಟೀನಿನಲ್ಲಿ ವಿದ್ಯಾರ್ಥಿಗಳು ಅದೇ ಪತ್ರಿಕೆ ಹಿಡಿದು ಕೂತಿದ್ದರು. ಮೇಷ್ಟ್ರು ಕರೆದರೆ ಒಬ್ಬಳು ಪಾಪ ಎನ್ನುವ ಹಾಗೆ ನೋಡಿದಳು. "ಮುಗಿದೋಯ್ತಲ್ಲ ಸರ್. ನಾವು ಮಿಸ್ ಮಾಡ್ಕೊಂಡ್ವಿ. ಜಾಗಾನೇ ಇರ್ಲಿಲ್ವಂತೆ."

ಆರು ವರ್ಷದ ಸಿಟ್ಟು ನೆತ್ತಿಗೇರಿತು. ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತು, ಕೀಬೋರ್ಡಿನ ಗುಂಡಿಗಳನ್ನು ಕುಟ್ಟಿ ಕುಟ್ಟಿ, 'ಸುದ್ದಿ' ಅಂಕಣಕ್ಕೆ ನಿಜ ಬರೆದರು. ಇಂದು ಉಪನ್ಯಾಸ ನಡೆಯಲಿಲ್ಲ. ಹಲ್ಲು ಕೀಳಿಸಿಕೊಂಡ ಅತಿಥಿಗಳು ಬಾಯಿ ಬಿಡುವಂತಿರಲಿಲ್ಲ. ಸಭಾಂಗಣಕ್ಕೆ ಬೀಗ ಹಾಕಿತ್ತು. ಸ್ವಾಗತಿಸಿದವರು ಬಂದೇ ಇರಲಿಲ್ಲ. ಪತ್ರಿಕೆಯ ವರದಿಯನ್ನು ಬೆಳಗ್ಗೆಯೇ ಬರೆಯಿಸಿದವರು ಮುಖ್ಯಸ್ಥರು, ಬರೆದ ಹೇಡಿ ನಾನು. ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು. ಕೆಲಸ ಹೋದರೆ ಹೋಗಲಿ, ಈ ಆರು ವರ್ಷದಲ್ಲಿ ಒಂದು ದಿನವಾದರೂ ಪತ್ರಕರ್ತನಾದೆ ಎಂದುಕೊಂಡರು. ಹಗುರವಾಯಿತು.

ಐದೂವರೆಗೆ ಕರೆ ಬಂತು. ಕೋಣೆಯಲ್ಲಿ ಮುಖ್ಯಸ್ಥರ ಜೊತೆ ಮೇಡಂ ಕೂಡ ಇದ್ದರು. ಇಬ್ಬರೂ ನಗುತ್ತಿದ್ದರು.

"ಅದ್ಭುತ ಕಣ್ರೀ" ಎಂದರು ಮುಖ್ಯಸ್ಥರು. "ಮುಂದಿನ ತಿಂಗಳು ಸುಳ್ಳು ಸುದ್ದಿ ಪತ್ತೆ ಹಚ್ಚೋ ಕಾರ್ಯಾಗಾರ ಇದೆಯಲ್ಲ, ಒಂದು ಒಳ್ಳೆ ಮಾದರಿ ಸಿಕ್ದೆ ಒದ್ದಾಡ್ತಿದ್ವಿ. ಪತ್ರಿಕೆ ವರದಿ ಒಂದು ಕಡೆ, ನಿಮ್ಮ ಸುಳ್ಳು ಒಂದು ಕಡೆ. ಹುಡುಗ್ರು ಹೋಲಿಸಿ ನೋಡ್ಲಿ."

"ಸರ್, ನಾನು ಬರ್ದಿರೋದು ನಿಜ."

"ಅದೇ ರೀ ಅದರ ಸೊಗಸು. ಓದಿದ್ರೆ ನಿಜ ಅಂತಾನೇ ಅನ್ಸುತ್ತೆ."

"ಅತಿಥಿಗಳನ್ನೇ ಕೇಳಿ ಬೇಕಾದ್ರೆ."

ಮುಖ್ಯಸ್ಥರು ಫೋನು ಮುಂದೆ ಹಿಡಿದರು. ಬಾಯಿ ಬಿಡಲಾಗದ ಅತಿಥಿಗಳು ಸಂದೇಶ ಬರೆದು ಕಳಿಸಿದ್ದರು. 'ವರದಿ ಓದಿದೆ. ನನ್ನ ಮಾತು ಒಂದೂ ಬಿಡದೆ ಬಂದಿದೆ. ನಿಮ್ಮ ಪ್ರೀತಿಯ ಸ್ವಾಗತ ಮರೆಯಲಾರೆ.' ಮೇಡಂ ನಾಚಿಕೊಂಡರು.

ಮೇಷ್ಟ್ರು ಕೇಳಿದರು. "ಹಾಗಾದ್ರೆ ವರದಿಗಾರಿಕೆ ಕ್ಲಾಸು?"

"ನೀವಿಲ್ದೆ ಹೇಗೆ? ಮೊದಲ ಪಾಠಾನೇ ನಿಮ್ಮ ಬರಹ. ಹೇಗೆ ಬರೀಬಾರ್ದು ಅಂತ ಮೇಡಂ ಹೇಳಿಕೊಡ್ತಾರೆ."

ಮೇಷ್ಟ್ರು ತಮ್ಮ ಕುರ್ಚಿಗೆ ವಾಪಸು ಬಂದರು. ಸಿಟ್ಟು ಇಳಿದಿರಲಿಲ್ಲ. ಆದರೆ ಆ ಅಂಕಣ ತುಂಬಿಸಲು ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. 'ಮುಂಬರುವ ಕಾರ್ಯಕ್ರಮಗಳು' ತೆರೆದು, ಕಾರ್ಯಾಗಾರದ ದಿನಾಂಕ ಹಾಕಿ, 'ಸುಳ್ಳು ಸುದ್ದಿಯ ಮಾದರಿ' ಎಂಬುದರ ಮುಂದೆ ತಮ್ಮ ಪೂರ್ತಿ ಹೆಸರು ಟೈಪು ಮಾಡಿದರು. ಎಲ್ಲೂ ತಪ್ಪಿಲ್ಲವೆಂದು ಎರಡು ಸಲ ಓದಿ ಖಾತ್ರಿ ಮಾಡಿಕೊಂಡರು.